ಮುತ್ತುರಾಜನ ಕರೆಂಟು

ಚನ್ನಪಟ್ಟಣದ ಹೈವೇ ಬದಿಯ ಅಂಗಡಿಯಲ್ಲಿ ಮುತ್ತುರಾಜು ಬೈಕ್ ರಿಪೇರಿ ಮಾಡುತ್ತಿದ್ದದ್ದು ಕಿವಿಯಿಂದ. ಕೈ ಆಮೇಲೆ. ಗಾಡಿ ಬಂದು ನಿಲ್ಲುವ ಮೊದಲೇ "ಕಾರ್ಬೊರೇಟರ್ ಕಟ್ಕೊಂಡೈತೆ" ಎಂದುಬಿಡುತ್ತಿದ್ದ. ಈ ಮನುಷ್ಯನಿಗೆ ಹೆಂಡತಿಯ ಮಾತೊಂದು ಬಿಟ್ಟು ಎಲ್ಲ ಇಂಜಿನ್ನಿನ ಮಾತೂ ಕೇಳಿಸುತ್ತದೆ ಎಂದು ಪುಟ್ಟಗೌರಮ್ಮ ಮದುವೆಯಾದ ಹೊಸತರಲ್ಲಿ ದೂರಿದ್ದಳು. ಆ ದೂರನ್ನು ಅವಳಿನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಎರಡು ಸಾವಿರದ ಒಂಬತ್ತರ ಹೊತ್ತಿಗೆ ಹೊಸ ನಮೂನೆಯ ಗಾಡಿಗಳು ಬರತೊಡಗಿದವು. ಕಿಡಿ ಯಾವಾಗ, ಪೆಟ್ರೋಲ್ ಎಷ್ಟು, ಎಲ್ಲವೂ ಸೀಟಿನಡಿಯ ಒಂದು ಕಪ್ಪು ಡಬ್ಬಿಯ ಯಜಮಾನಿಕೆ. ಅದಕ್ಕೆ ಸದ್ದೂ ಇಲ್ಲ, ಬಿಚ್ಚೋಣವೆಂದರೆ ಸ್ಕ್ರೂ ಕೂಡ ಇಲ್ಲ. ಅಂಥ ಒಂದು ಗಾಡಿಯ ವೈರು ಅದಲುಬದಲು ಮಾಡಿ ಡಬ್ಬಿಯನ್ನೇ ಸುಟ್ಟ ಮೇಲೆ ಅವನ ಧೈರ್ಯ ಉಡುಗಿತು. ಹೊಸ ಗಾಡಿ ಬಂದರೆ ಮುಟ್ಟದೆ ಕಳಿಸುತ್ತಿದ್ದ. ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತ್ತು. ಇವತ್ತು ಮಧ್ಯಾಹ್ನದ ಬಸ್ಸಿಗೆ ಹೋಗಿ ಒಪ್ಪಿಕೊಂಡು ಬಂದರೆ ಅಂಗಡಿಯ ಶಟರ್ ಇನ್ನು ಮೇಲೇಳುವುದಿಲ್ಲ.

ಮಗಳು ಮಾನಸ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಬಸ್‌ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. "ಬಸ್ ಬರೋಗಂಟ ಒಸಿ ಕೂತ್ಕೊ ಬಾರಪ್ಪ" ಎಂದು ಅವನನ್ನು ಒಳಗೆ ಕರೆದು ಕೂರಿಸಿದಳು. ಇಂಟರ್ನೆಟ್ ನೋಡುವ ಬ್ರೌಸರಿನೊಳಗೇ ಅವಳೊಂದು ಗಾಡಿ ಕಟ್ಟಿದ್ದಳು. ಇಂಜಿನ್, ಕಪ್ಪು ಡಬ್ಬಿ, ಬಣ್ಣಬಣ್ಣದ ವೈರು. ಮೌಸಿನಿಂದ ವೈರು ಕೀಳಬಹುದು, ಸಿಕ್ಕಿಸಬಹುದು. ಡಬ್ಬಿ ಏನು ಮಾಡುತ್ತಿದೆ ಎಂದು ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಬರುತ್ತದೆ. ಇಲ್ಲಿ ಡಬ್ಬಿ ಎಷ್ಟು ಸಲ ಸುಟ್ಟರೂ ಯಾರೂ ಬೈಯುವುದಿಲ್ಲ.

ಮುತ್ತುರಾಜು ಮೌಸನ್ನು ಬಿಸಿ ಸೈಲೆನ್ಸರ್ ಮುಟ್ಟುವ ಹಾಗೆ ಮುಟ್ಟಿದ. ಕೆಂಪು ವೈರು ಕಿತ್ತ. ಪರದೆಯ ಮೇಲೆ ದಪ್ಪಕ್ಷರ ಮೂಡಿತು: ಕರೆಂಟ್ ಇಲ್ಲ.

ಅವನಿಗೆ ಬದುಕಿದೆಯಾ ಬಡಜೀವ ಅನ್ನಿಸಿತು. ಆಗಲೇ ಚಪ್ಪಲಿ ಹುಡುಕುತ್ತ, "ಕರೆಂಟ್ ಹೋಯ್ತು ಕಣವ್ವ. ಇನ್ನೊಂದಿನ ಬತ್ತೀನಿ ಬುಡು" ಎಂದ.

ಮಾನಸ ನಕ್ಕಳು, ಕಣ್ಣು ಮಾತ್ರ ಒದ್ದೆಯಾಗಿತ್ತು. "ಫ್ಯಾನ್ ತಿರುಗ್ತಾ ಐತೆ ನೋಡಪ್ಪ. ಇಲ್ಲಿ ಹೋಗಿರೋದು ನಿನ್ ಕರೆಂಟು. ಪ್ಲಗ್ಗಿಗೆ ಬರೋದು."

ಅವನು ಬಾಗಿಲಲ್ಲೇ ನಿಂತ. ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಮೆಕ್ಯಾನಿಕ್ಕುಗಳು ಕರೆಂಟು ಅನ್ನುತ್ತಾರೆ. ಚಿಕ್ಕಂದಿನಲ್ಲಿ ಅಂಗಡಿಯ ಹಳೇ ಟೈರಿನ ಮೇಲೆ ಕೂತು ಮಗಳು ಕಲಿತ ಮಾತು ಅದು.

"ಕಂಪ್ಯೂಟರ್‌ಗೆ ನಮ್ ಮಾತು ಬತ್ತದಾ?"

"ನಾನ್ ಹೇಳ್ಕೊಟ್ಟೆ. ನಂಗೆ ನೀನ್ ಹೇಳ್ಕೊಟ್ಟಿದ್ದೆ."

ಮುತ್ತುರಾಜು ಚಪ್ಪಲಿ ಬಿಟ್ಟು ಮತ್ತೆ ಕೂತ. ಕೆಂಪು ವೈರು ಸಿಕ್ಕಿಸಿ, ಮೌಸಿನಿಂದಲೇ ರೇಸ್ ಕೊಟ್ಟ. 'ಗಾಳಿ ಜಾಸ್ತಿ ಬತ್ತಾ ಐತೆ, ಪೆಟ್ರೋಲ್ ಜಾಸ್ತಿ ಬುಡ್ತೀನಿ' ಎಂದು ಡಬ್ಬಿ ಬರೆಯಿತು. ಅವನು ಅದನ್ನು ಎರಡು ಸಲ ಓದಿದ. "ಸ್ಕ್ರೂಡ್ರೈವರ್ ಇಟ್ಕೊಂಡು ಕಾರ್ಬೊರೇಟರಲ್ಲಿ ನಾನ್ ಮಾಡ್ತಿದ್ದಿದ್ದೂ ಇದೇಯ" ಎಂದು ಮೆಲ್ಲಗೆ ಹೇಳಿದ. ಆಮೇಲೆ ಬೇಕೆಂದೇ ವೈರು ಅದಲುಬದಲು ಮಾಡಿ ಡಬ್ಬಿ ಸುಟ್ಟ, ಸರಿಮಾಡಿದ, ಮತ್ತೆ ಸುಟ್ಟ.

ಅಷ್ಟರಲ್ಲಿ ಫ್ಯಾನು ನಿಂತಿತು. ಸೆಂಟರಿನ ಯುಪಿಎಸ್ ಕೆಟ್ಟು ಕೂತಿತ್ತು, ಪರದೆಯೂ ಕಪ್ಪಾಯಿತು. ಹೊರಗೆ ಕಂಡಕ್ಟರ್ "ಬಿಡದಿ, ಬಿಡದಿ" ಎಂದು ಕೂಗುತ್ತಿದ್ದ.

"ಈಗ ನಿಜವಾಗ್ಲೂ ಹೋಯ್ತಪ್ಪ" ಎಂದಳು ಮಾನಸ, ಅವನ ಮುಖ ನೋಡಲು ಧೈರ್ಯವಿಲ್ಲದೆ.

"ಬತ್ತದೆ, ಕೂತ್ಕೊ" ಎಂದ ಮುತ್ತುರಾಜು, ಮೌಸಿನ ಮೇಲಿಂದ ಕೈ ತೆಗೆಯದೆ.