ನೆಲಕ್ಕಿಡದ ಶಿಲುಬೆ

ಅವರ ಬಲಗೈ ಬೆರಳ ತುದಿಗಳು ಯಾವಾಗಲೂ ಕಪ್ಪು. ಮೇಟಗಳ್ಳಿಯ ಊದಬತ್ತಿ ಕಾರ್ಖಾನೆಯಿಂದ ಇದ್ದಲಪುಡಿ ಕಲಸಿದ ಹಿಟ್ಟು ತಂದು ಮನೆಯಲ್ಲೇ ಬತ್ತಿ ಹೊಸೆಯುತ್ತಿದ್ದರು. ಎಷ್ಟು ಸೋಪು ಹಾಕಿ ತಿಕ್ಕಿದರೂ ಆ ಕಪ್ಪು ಹೋಗುತ್ತಿರಲಿಲ್ಲ. ಭಾನುವಾರದ ಪಾಠ ಮುಗಿದ ಮೇಲೆ ಅದೇ ಬೆರಳಿನಿಂದ ನಮ್ಮ ಹಣೆಗೆ ಶಿಲುಬೆ ಗುರುತು ಹಾಕಿ ಕಳಿಸುವರು. ಬೇರೆ ಊರಿನವರಿಗೆ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಬೂದಿ ಬುಧವಾರ ವರ್ಷಕ್ಕೊಂದು, ನಮಗೆ ವಾರಕ್ಕೊಂದು. ಅಮ್ಮ ಮನೆಯಲ್ಲಿ ಗೊಣಗಿಕೊಂಡೇ ನನ್ನ ಹಣೆ ಒರೆಸುತ್ತಿದ್ದಳು.

ಊರಿಗೆಲ್ಲ ಅವರು ಉಪದೇಶಿಯಮ್ಮ. ಮೈಸೂರಿನಿಂದ ಮೇಟಗಳ್ಳಿ ದಾಟಿ, ಬಸ್ಸಿಳಿದು, ಎರಡು ಮೈಲಿ ನಡೆದರೆ ಸಿಗುವ ನಮ್ಮ ಸಣ್ಣ ಊರಿನ ಚರ್ಚಿನಲ್ಲಿ ಮಕ್ಕಳಿಗೆ ಮಂತ್ರ ಕಲಿಸುವ ಉಪದೇಶಿಯಾಗಿದ್ದವರು ಅವರ ಗಂಡ. ಗಂಡ ತೀರಿಕೊಂಡ ಮೇಲೆ ಆ ಕೆಲಸವನ್ನು ಯಾರೂ ಇವರಿಗೆ ಕೊಡಲಿಲ್ಲ, ಇವರೇ ತೆಗೆದುಕೊಂಡರು. ಮುಂದೆ ಬತ್ತಿಯ ಮಣೆ, ಸುತ್ತ ನಾವು. ತೊದಲಿದರೆ, "ಏನೇ, ಬಾಯಲ್ಲಿ ಅವರೆಕಾಳು ಇಟ್ಕಂಡಿದ್ದೀಯ? ಬುಡ್ಸಿ ಹೇಳು!" ಎಂದು ಗದರುವರು. ಅವರ ಕಟ್ಟುನಿಟ್ಟು ಒಂದೇ: "ಪ್ರಾರ್ಥನೇಲಿ ಮಾತ್ರ ಸುಳ್ಳು ಹೇಳ್ಬೇಡಿ ಕಣ್ರೋ. ಬೇಕಾದ್ರೆ ಸಂತೇಲಿ ಹೇಳ್ಕಳಿ."

ನಾನು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳಬೇಕಿದ್ದ ವರ್ಷ ಅವರ ಒಬ್ಬನೇ ಮಗ ಸತ್ತ. ಪಕ್ಕದ ಮನೆಯವರು ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗ, ಹಿಂದೆ ನಿಂತು ಹಗ್ಗ ಬಿಗಿಯುತ್ತಿದ್ದ ಹುಡುಗ ಚಕ್ರಕ್ಕೆ ಸಿಕ್ಕಿಕೊಂಡ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಆತ ಕುಡಿದಿದ್ದರು ಎಂದು ಕೆಲವರು, ಇಲ್ಲ ಎಂದು ಕೆಲವರು. ಅದೇನೇ ಇರಲಿ, ಆತ ಒಂದು ದಿನವೂ ಆ ತಾಯಿಯ ಮುಂದೆ ಬಂದು ನಿಲ್ಲಲಿಲ್ಲ. ಇವರೂ ಆ ಬಾಗಿಲ ಮುಂದೆ ಹಾಯಬಾರದೆಂದು ಕೆರೆ ಏರಿ ಸುತ್ತಿಕೊಂಡು ಚರ್ಚಿಗೆ ಬರತೊಡಗಿದರು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಅದೇ ವರ್ಷ ನಾನೊಂದು ಗಮನಿಸಿದೆ. ಪರಲೋಕ ಮಂತ್ರವನ್ನು ಎಲ್ಲರೂ ಒಟ್ಟಿಗೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಸಾಲು ಬಂದರೆ ಉಪದೇಶಿಯಮ್ಮನ ತುಟಿ ಮುಚ್ಚಿಕೊಳ್ಳುತ್ತಿತ್ತು. ಮುಂದಿನ ಸಾಲಿಗೆ ಮತ್ತೆ ದನಿ. ಮಕ್ಕಳ ಬಾಯಿಗೆ ಹಿಡಿತವೆಲ್ಲಿ? ಕೇಳಿಯೇಬಿಟ್ಟೆ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, "ಅದು ನನ್ ಕೈಲಿ ಇನ್ನೂ ನಿಜ ಆಗಿಲ್ಲ ಕಣಮ್ಮ. ಆದಾಗ ಹೇಳ್ತೀನಿ," ಎಂದರು. ನಾನು ಮದುವೆಯಾಗಿ ಮೈಸೂರಿನ ಜಯಲಕ್ಷ್ಮಿಪುರಂ ಸೇರಿದೆ, ನನ್ನ ಮಗಳು ಕಾಲೇಜಿಗೆ ಬಂದಳು. ಅಷ್ಟು ವರ್ಷವೂ ಅವರು ಆ ಸಾಲು ಹೇಳಲಿಲ್ಲ.

ಆಮೇಲೆ ಜುಬಿಲಿ ವರ್ಷ ಬಂತು. ಇಪ್ಪತ್ತೈದು ವರ್ಷಕ್ಕೊಮ್ಮೆ ಹಳೆಯ ಹಗೆಗಳನ್ನೆಲ್ಲ ಬಿಟ್ಟು ಹೊಸದಾಗಿ ಶುರುಮಾಡುವ ವರ್ಷ. ಒಂದು ಮರದ ಶಿಲುಬೆ ಊರಿನ ಪ್ರತಿ ಕ್ರೈಸ್ತರ ಮನೆಯಲ್ಲೂ ಒಂದೊಂದು ದಿನ ಇರಲಿ ಎಂದು ಫಾದರ್ ಹೇಳಿದರು. ಸಭೆಯಲ್ಲಿ, ತಮ್ಮತಮ್ಮಲ್ಲೇ ಮಾತು ಬಿಟ್ಟಿದ್ದ ಇಬ್ಬರು ಷಡ್ಡಕರು, "ಅವರ ಮನೆಯಿಂದ ಬಂದರೆ ನಮಗೆ ಬೇಡ" ಎಂದು ಕೂಗಾಡಿದರು. ಉಪದೇಶಿಯಮ್ಮ ಎದ್ದು ನಿಂತರು. "ಸಾಲಿನಲ್ಲಿ ಒಂದು ಮನೆನೂ ಬುಡಂಗಿಲ್ಲ. ಕೈಯಿಂದ ಕೈಗೇ ಕೊಡ್ಬೇಕು. ಮನೆ ಹಿರೀರೇ ಬಾಗಿಲಿಗೆ ಬಂದು ಈಸ್ಕಬೇಕು. ಅಲ್ಲೀಗಂಟ ನೆಲಕ್ಕಿಡಂಗಿಲ್ಲ," ಎಂದರು. ಅವರ ಪಕ್ಕದ ಮನೆ ಯಾರದು ಎಂಬುದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಅವರಿಗೂ ಆಗಲೇ ನೆನಪಾಗಿರಬೇಕು, ಮುಖ ಬಿಳುಚಿತು. ಆದರೂ, "ಊಂ, ನಂಗೂ ಸೇರ್ಸೇ ಹೇಳಿದ್ದು," ಎಂದು ಕೂತರು.

ನಮ್ಮಮ್ಮನ ಮನೆಯಿಂದ ಅವರ ಮನೆಗೆ ಶಿಲುಬೆ ಹೊತ್ತವಳು ನಾನೇ. ಅಬ್ಬಾ, ಏನು ಭಾರ! ಮರುದಿನ ಭಾನುವಾರ ಪೂಜೆ ಮುಗಿಸಿ ಊರೆಲ್ಲ ಹಾಡುತ್ತಾ ಬಂದೆವು. ಉಪದೇಶಿಯಮ್ಮ ಶಿಲುಬೆಯನ್ನು ಎದೆಗವಚಿಕೊಂಡು, ಅಷ್ಟು ವರ್ಷ ಹಾಯದ ಆ ಬಾಗಿಲ ಮುಂದೆ ನಿಂತರು. ಸೊಸೆ ಹೊರಗೆ ಬಂದು ಕೈಚಾಚಿದಳು. "ನೀನಲ್ಲ ಕಣಮ್ಮ. ಹಿರೀರು ಬರ್ಲಿ." ಹಿರಿಯರು ಹಿತ್ತಲಿಗೆ ಹೋಗಿ ಕೂತಿದ್ದರು. ಇವರು ಜಗಲಿಯ ಮೇಲೆ ಕೂತು, ಶಿಲುಬೆಯನ್ನು ತೊಡೆಯ ಮೇಲಿಟ್ಟುಕೊಂಡರು.

ಹಾಡು ನಿಂತಿತು. ಬಿಸಿಲು ಏರಿತು. ಒಂದು ಗಂಟೆಯ ಮೇಲಾಯಿತು, ಶಿಲುಬೆ ಅವರ ತೊಡೆಯಿಂದ ಜಾರುತ್ತಿತ್ತು. ನಾನು ಹಿಡಿದುಕೊಳ್ಳಲು ಹೋದರೆ, "ನಿಂದು ನೆನ್ನೆಗೇ ಆಯ್ತಲ್ಲ, ಹೋಗು ಅತ್ಲಾಗೆ," ಎಂದು ಗದರಿದರು.

"ಕೆಳಗಿಡಿ ಅಮ್ಮ, ದೇವರು ಏನೂ ಅಂದುಕೊಳ್ಳಲ್ಲ," ಎಂದರು ಫಾದರ್.

"ದೇವ್ರು ಅಂದ್ಕಳಲ್ಲ ಸ್ವಾಮಿ, ನಾನು ಅಂದ್ಕತೀನಿ."

ಆಮೇಲೆ ಒಳಗಿನ ಕತ್ತಲೆಯ ಕಡೆ ತಿರುಗಿ ದನಿ ಎತ್ತಿದರು: "ನಂಗೆ ಎಂಬತ್ತಾಯ್ತು ಕಣಪ್ಪ. ಕೈ ಸೋಲ್ತದೆ. ಬೀಳ್ಸುಬುಟ್ರೆ ಆ ಪಾಪ ಇಬ್ರಿಗೂ ಬತ್ತದೆ. ಬಂದ್ಬುಡು."

ಆತ ಬಂದರು. ತಲೆಯೆಲ್ಲ ನೆರೆತಿತ್ತು. ಹೊಸ್ತಿಲ ಮೇಲೆ ಮಂಡಿಯೂರಿ, ಎರಡೂ ಕೈ ಚಾಚಿ, "ಅವತ್ತೇ ಬರ್ಬೇಕಾಗಿತ್ತು ಅಮ್ಮ," ಎಂದರು.

"ಊಂ. ಬರ್ಬೇಕಾಗಿತ್ತು." ಅದರಲ್ಲಿ ಒಂದು ಚೂರೂ ರಿಯಾಯಿತಿ ಇರಲಿಲ್ಲ. "ತಕ್ಕೊ," ಎಂದು ಶಿಲುಬೆ ಕೊಟ್ಟರು.

ಕೊಟ್ಟವರೇ ಪರಲೋಕ ಮಂತ್ರ ಶುರುಮಾಡಿದರು. ನಾವೆಲ್ಲ ದನಿಗೂಡಿಸಿದೆವು. ಆ ಸಾಲು ಹತ್ತಿರ ಬಂತು. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೆ ಇಡೀ ಬೀದಿ ಗಪ್ಪೆಂದು ಸುಮ್ಮನಾಯಿತು. ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ, ಊರಿಗೆಲ್ಲ ಗೊತ್ತಿತ್ತು! ಆ ಮೌನದಲ್ಲಿ ಅವರದೊಂದೇ ದನಿ, ಒಡೆದುಹೋದ ದನಿ, ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿತು. ಅಷ್ಟು ದೊಡ್ಡದನ್ನು ನಾನು ಯಾವ ದೊಡ್ಡ ಚರ್ಚಿನಲ್ಲೂ ಕೇಳಿಲ್ಲ.

ಸಂಜೆ ಬಸ್ಸಿಗೆ ಹೊರಡುವ ಮುಂಚೆ ಹೋಗಿ, "ಮನಸ್ಸು ಹಗುರ ಆಯ್ತಾ?" ಎಂದು ಕೇಳಿದೆ.

"ಎಲ್ಲಿ ಹಗುರ? ಇವತ್ತಿನ ಮಟ್ಟಿಗೆ ನಿಜ ಆಯ್ತು. ನಾಳಿಕ್ಕೆ ಇನ್ನೊಂದ್ಸಲ ಮಾಡ್ಬೇಕು," ಎಂದು, ಕಪ್ಪು ಬೆರಳಿನಿಂದ ನನ್ನ ಹಣೆಗೆ ಗುರುತು ಹಾಕಿದರು. ನಾನು ಅದನ್ನು ಒರೆಸಿಕೊಳ್ಳದೆ ಬಸ್ಸು ಹತ್ತಿದೆ.

ಜುಬಿಲಿ ಮುಗಿಯುವ ಮೊದಲೇ ಅವರು ಹೋದರು. ಪೆಟ್ಟಿಗೆಗೆ ಹೆಗಲು ಕೊಟ್ಟ ನಾಲ್ವರಲ್ಲಿ ಪಕ್ಕದ ಮನೆಯವರೂ ಒಬ್ಬರು. ದಾರಿಯಲ್ಲಿ ಒಮ್ಮೆ ಇಳಿಸಿ ಹೆಗಲು ಬದಲಿಸೋಣ ಎಂದರೆ ಆತ ಒಪ್ಪಲಿಲ್ಲ. ಸಮಾಧಿಯವರೆಗೂ ನೆಲಕ್ಕಿಡಲಿಲ್ಲ.

ನನಗೂ ಒಬ್ಬರ ಮೇಲೆ ಹಳೆಯ ಕೋಪವಿದೆ. ಯಾರ ಮೇಲೆ ಎಂದು ಇಲ್ಲಿ ಬೇಡ. ಈಗ ಮೈಸೂರಿನ ಚರ್ಚಿನಲ್ಲಿ ಎಲ್ಲರೂ ಗಡಗಡ ಮಂತ್ರ ಹೇಳಿ ಮುಗಿಸುವಾಗ, ಆ ಸಾಲಿಗೆ ಬಂದರೆ ನನ್ನ ಬಾಯಿ ಮುಚ್ಚಿಕೊಳ್ಳುತ್ತದೆ. ಮಗಳು ಮೊಣಕೈಯಲ್ಲಿ ತಿವಿದು, "ಮರೆತುಹೋಯ್ತೇನಮ್ಮ?" ಎನ್ನುತ್ತಾಳೆ. ಮರೆತಿಲ್ಲ ಕಣೇ. ಇನ್ನೂ ನಿಜವಾಗಿಲ್ಲ.