ಸದಸ್ಯ ಸುವೈಲಿಮನ ಚಹಾ ಸರದಿ

ಮರಳುಗಾಡಿನ ಆ ಪಟ್ಟಣದ ಪುರಸಭೆಗೆ ಆರಿಸಿಬಂದ ಮೊದಲ ದಿನವೇ ಸುವೈಲಿಮ್ ತನ್ನ ಗೊತ್ತುವಳಿಯನ್ನು ತಾನೇ ಸೋಲಿಸಿಕೊಂಡು ಮನೆಗೆ ಬಂದ. ಇದರಲ್ಲಿ ಯಾರ ಕುತಂತ್ರವೂ ಇರಲಿಲ್ಲ. ಸಭೆಗೆ ಚಹಾ ಮಾಡುವವನು ಅಂದು ಬಂದಿರಲಿಲ್ಲ. ಮೂಲೆಯಲ್ಲಿ ಇದ್ದಿಲ ಒಲೆ, ಕೆಟಲ್ಲು, ಪುಟ್ಟ ಗಾಜಿನ ಲೋಟಗಳು ಅನಾಥವಾಗಿ ಕೂತಿದ್ದವು. "ಯಾರಾದ್ರೂ ಚಹಾ ಇಡ್ರಪ್ಪಾ" ಎಂದು ಒಬ್ಬರು ಗೊಣಗಿದರು. ಅಷ್ಟೇ ಸಾಕಾಯಿತು. ಹೊಸ ನೀಲಿ ದರಾ ನಿಲುವಂಗಿಯ ಅಗಲ ತೋಳುಗಳನ್ನು ಹೆಗಲಿಗೆ ಮಡಚಿ ಏರಿಸಿ ಸುವೈಲಿಮ್ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟ. ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿಯುತ್ತ ನೊರೆ ಏಳಿಸುತ್ತಿದ್ದಾಗಲೇ ಅಧ್ಯಕ್ಷರು, "ಹಟ್ಟಿಗೆ ಶಾಲೆ ಬೇಕು ಅನ್ನೋರು ಕೈ ಎತ್ತಿ" ಎಂದರು. ಎತ್ತುವುದಕ್ಕೆ ಸುವೈಲಿಮನ ಯಾವ ಕೈಯೂ ಖಾಲಿ ಇರಲಿಲ್ಲ. ಒಂದೇ ಒಂದು ಮತದಿಂದ ಶಾಲೆ ಬಿದ್ದುಹೋಯಿತು.

ನೊರೆ ಮಾತ್ರ ಚೆನ್ನಾಗಿ ಬಂದಿತ್ತಂತೆ.

ಸುದ್ದಿ ಅವನಿಗಿಂತ ಮೊದಲೇ ಹಟ್ಟಿ ಮುಟ್ಟಿತ್ತು. ಹೆಂಡತಿ ಮಹ್ಜೂಬ ಗುಡಾರದ ಬಾಯಲ್ಲೇ ಕಾದಿದ್ದಳು.

"ಬನ್ನಿ ಸದಸ್ಯರೇ, ಬನ್ನಿ. ಮತ ಹಾಕು ಅಂತ ಕಳ್ಸಿದ್ರೆ ಸಕ್ಕರೆ ಹಾಕಿ ಬಂದ್ರಂತೆ?"

"ಕೈಗೆ ಅಭ್ಯಾಸ ಕಣೆ."

"ಆ ಕೈಯನ್ನ ಮನೇಲಿಟ್ಟು ಹೋಗು ಇನ್ಮೇಲೆ. ಇಲ್ಲಿ ಪಾತ್ರೆ ತೊಳೆಯೋಕಾದ್ರೂ ಆಗುತ್ತೆ."

ಬೈದಳು ನಿಜ, ಆದರೆ ಅವಳ ಕಣ್ಣು ಮಗಳ ಕಡೆಗಿತ್ತು. ಮಗಳು ತಸ್ಲಿಮ್‌ಗೆ ಏಳು ತುಂಬಿತ್ತು. ಪಟ್ಟಣದ ಶಾಲೆಗೆ ಬಿಸಿಲಲ್ಲಿ ನಡೆದುಹೋದರೆ ಅಲ್ಲಿ ಹಟ್ಟಿಯ ಮಕ್ಕಳಿಗೆ ಓದಿಗಿಂತ ನೀರು ಹೊರುವ ಪಾಠವೇ ಹೆಚ್ಚು. ಹಟ್ಟಿಯಲ್ಲೇ ಶಾಲೆಯಾಗದಿದ್ದರೆ ಈ ಹುಡುಗಿಯೂ ತನ್ನ ಹಾಗೆ ಅಕ್ಷರದ ಮುಂದೆ ಕುರುಡಿಯಾಗುವಳೆಂದು ಮಹ್ಜೂಬಳಿಗೆ ಗೊತ್ತಿತ್ತು.

ಅವಳಿಗೆ ಗಂಡನ ಮೇಲೆ ಹೆಚ್ಚು ಹೊತ್ತು ಸಿಟ್ಟು ನಿಲ್ಲುತ್ತಿರಲಿಲ್ಲ. ಆ ಕೈ ಏನೇನು ಹೊತ್ತಿದೆಯೆಂದು ಅವಳಷ್ಟು ಬಲ್ಲವರಿರಲಿಲ್ಲ. ಅವನ ತಾಯಿ ಉಂಬೈರಿಕ, ಒಡೆಯ ಶೇಖ್ ಹಮ್ಮಾದಿಯವರ ಮನೆಯಲ್ಲಿ ಹುಟ್ಟಿನಿಂದಲೇ ಆಳು. ಒಡೆಯರಿಗೂ ಆಳುಗಳಿಗೂ ಒಂದೇ ನುಡಿ, ಒಂದೇ ನಮಾಜು. ಬಣ್ಣ ಮಾತ್ರ ಬೇರೆ, ಅದರಿಂದಲೇ ಬಾಳೂ ಬೇರೆ. ಆ ಮನೆಯ ಹುಡುಗ ಓದಲು ಹೋಗುವಾಗ ಅವನ ಮರದ ಹಲಗೆಯನ್ನು ಹೊತ್ತು ನಡೆದವನು ಸುವೈಲಿಮ್. ಹಲಗೆಯ ಭಾರ ಗೊತ್ತಾಯಿತು, ಅದರ ಮೇಲಿನ ಬರಹ ಗೊತ್ತಾಗಲಿಲ್ಲ. ಗುಲಾಮಗಿರಿ ರದ್ದಾಯಿತೆಂದು ರೇಡಿಯೋ ಹೇಳಿದ ದಿನವೂ ಉಂಬೈರಿಕ ಆ ಮನೆಯ ಒಲೆಯ ಮುಂದೆ ಚಹಾ ಕಾಯಿಸುತ್ತ ಕೂತಿದ್ದಳಂತೆ. ಮಗ ಮಾತ್ರ ರೇಡಿಯೋ ಮಾತನ್ನು ನಂಬಿ ಎದ್ದು ನಡೆದ. ಸಂತೆಯಲ್ಲಿ ಮೂಟೆ ಹೊತ್ತ, ಹಗಲೆಲ್ಲ ದುಡಿದು ಸಂಜೆ ಅಕ್ಷರ ಕಲಿತ. ಬೀದಿಯಲ್ಲಿ ನಿಂತು, "ಚರ್ಮ ಬೇರೆ ಇರ್ಬಹುದು, ಅದನ್ನ ತೊಳೆಯೋ ಸಾಬೂನು ಒಂದೇ ಅಲ್ವೇನ್ರಪ್ಪಾ?" ಎಂದು ಭಾಷಣ ಮಾಡಿದ. ಅದಕ್ಕೆ ಎರಡು ಸಲ ಜೈಲು ಕಂಡ. ಆಳಾಗಿದ್ದವನು ಆಳುವವರ ಸಾಲಿಗೆ ಬಂದು ಕೂತದ್ದು ಹೀಗೆ. ಮಹ್ಜೂಬಳ ಅಕ್ಕನನ್ನು ಅಂಥದೇ ಒಂದು ಮನೆಯಿಂದ ಬಿಡಿಸಿ ತಂದವನೂ ಅವನೇ. ಅಕ್ಕ ಈಗ ಸಂತೆಯಲ್ಲಿ ಗೋಧಿರವೆಯ ಕುಸ್ಕುಸ್ ಮಾರುತ್ತಾಳೆ, ಗಿರಾಕಿಗಳನ್ನು ದೊಡ್ಡ ದನಿಯಲ್ಲಿ ಬೈಯುತ್ತಾಳೆ. ಆ ಬೈಗುಳ ಕೇಳಿದಾಗೆಲ್ಲ ಮಹ್ಜೂಬ ದೇವರಿಗೊಂದು, ಗಂಡನಿಗೊಂದು ವಂದನೆ ಹೇಳುತ್ತಾಳೆ, ಎರಡನೆಯದನ್ನು ಮನಸ್ಸಿನಲ್ಲೇ.

ಮುಂದಿನ ಸಭೆಗೆ ಅವಳು ಹಟ್ಟಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕಿಟಕಿಗೆ ಅಂಟಿ ನಿಂತಳು. ಸುವೈಲಿಮ್ ಎದ್ದ.

"ಅಧ್ಯಕ್ಷರೇ, ಚಹಾ ಇಲ್ದೆ ಸಭೆ ನಡೆಯಲ್ಲ, ಒಪ್ದೆ. ಆದ್ರೆ ಇನ್ಮೇಲೆ ಸರದಿ ಪ್ರಕಾರ ಮಾಡೋಣ. ನಂದು ಹೋದ ಸಲ ಮುಗೀತು. ಈ ಸಲ ವಯಸ್ಸಲ್ಲಿ ಹಿರಿಯರಿಂದ ಶುರು."

ಹಿರಿಯರೆಂದರೆ ಶೇಖ್ ಹಮ್ಮಾದಿಯೇ, ಹೋದ ಸಲ ಶಾಲೆಗೆ ಕೈ ಎತ್ತದ ಸದಸ್ಯರು. ಎಂದೋ ಸುವೈಲಿಮನಿಂದ ಹಲಗೆ ಹೊರಿಸಿದ್ದ ಹುಡುಗನ ಅಪ್ಪ. ಸಭೆ ಉಸಿರು ಬಿಗಿಹಿಡಿಯಿತು. ಮುದುಕರಿಗೆ ಹಟ ಬಂತು. "ಚಹಾ ಮಾಡೋದೇನು ಮಹಾ ವಿದ್ಯೆ?" ಎಂದು ಒಲೆಯ ಮುಂದೆ ಕೂತರು. ಮೊದಲು ಬೆರಳು ಸುಟ್ಟುಕೊಂಡರು. ಪುದೀನವನ್ನು ದಂಟಿನ ಸಮೇತ ತುರುಕಿದರು. ಎತ್ತರದಿಂದ ಸುರಿಯಲು ಹೋಗಿ ಕಾರ್ಯದರ್ಶಿಯ ಚಪ್ಪಲಿಗೆ ಅಭಿಷೇಕ ಮಾಡಿದರು. ಸದಸ್ಯರು ಮೊದಲು ಕೆಮ್ಮಿದರು, ಆಮೇಲೆ ನಗತೊಡಗಿದರು. ಒಬ್ಬನಂತೂ ಒಂದು ಗುಟುಕು ಕುಡಿದು ಬಾಗಿಲಾಚೆಯ ಮರಳಿಗೆ ಉಗಿದೇಬಿಟ್ಟ.

"ಏನ್ ಶೇಖ್, ನಮ್ಮನ್ನ ಕೊಲ್ಲೋ ಯೋಚನೇನಾ?"

ಮುದುಕರು ಒಲೆಯ ಬಳಿಯಿಂದ ಎದ್ದರು. ಕೊನೆಯ ಲೋಟವನ್ನು ಸುವೈಲಿಮನ ಮುಂದಿಟ್ಟರು, ಕಣ್ಣೆತ್ತಲಿಲ್ಲ. ಮಹ್ಜೂಬ ಕಿಟಕಿಯ ಸರಳು ಬಿಗಿಯಾಗಿ ಹಿಡಿದಳು. ಉಗಿಯುತ್ತಾನೆ ಅಂದುಕೊಂಡಳು, ಉಗಿಯಲಿ ಎಂದೂ ಒಂದು ಗಳಿಗೆ ಅನಿಸಿತು. ಸುವೈಲಿಮ್ ತಳದವರೆಗೂ ಕುಡಿದ. ತುಟಿ ಒರೆಸಿಕೊಂಡ.

"ಚೆನ್ನಾಗಿದೆ, ಶೇಖ್. ನಿಮ್ಮ ಕೈಗೆ ಬರ್ಕತ್ ಇರ್ಲಿ. ಇನ್ನೊಂದು ಲೋಟ ಕೊಡಿ."

ನಗು ನಿಂತಿತು. ಶೇಖ್ ಹಮ್ಮಾದಿ ತುಂಬಾ ಹೊತ್ತು ಅವನ ಮುಖ ನೋಡಿದರು, ಅಣಕವಿದೆಯೇ ಎಂದು ಹುಡುಕುವವರ ಹಾಗೆ. ಸಿಗಲಿಲ್ಲ.

"ಆ ಶಾಲೆ ವಿಷ್ಯ ಇನ್ನೊಂದ್ಸಲ ಓದ್ರಿ" ಎಂದರು.

ಓದಿದರು. ಮೊದಲು ಎದ್ದದ್ದು ಮಸಿ ಹಿಡಿದ, ಸುಟ್ಟ ಬೆರಳಿನ ಕೈ. ಅದರ ಹಿಂದೆಯೇ ಅವರ ಕಡೆಯ ಇನ್ನಿಬ್ಬರ ಕೈಯೂ ಎದ್ದಿತು. ಕಿಟಕಿಯಾಚೆ ಹೆಂಗಸರು ಹಾಕಿದ ಕೇಕೆಗೆ ಕಟ್ಟೆಯ ಮೇಲಿನ ಆಡುಗಳು ಬೆದರಿ ಓಡಿದವು.

ಬೇಸಿಗೆ ಕಳೆಯುವುದರೊಳಗೆ ಹಟ್ಟಿಯಲ್ಲಿ ಮಣ್ಣಿಟ್ಟಿಗೆಯ ಎರಡು ಕೋಣೆ ಎದ್ದವು. ತಸ್ಲಿಮ್ ತನ್ನ ಹಲಗೆಯನ್ನು ತಾನೇ ಹೊತ್ತು, ಯಾರಿಗೂ ಮುಟ್ಟಲು ಬಿಡದೆ, ಒಳಗೆ ಹೋದಳು. ಹೊರಗೆ ನೆರಳಲ್ಲಿ ಕೂತ ಮಹ್ಜೂಬ ಮೈಗೆ ಸುತ್ತಿದ ಮಲ್ಹಫಾದ ಅಂಚಿನಿಂದ ಕಣ್ಣೊರೆಸಿಕೊಂಡು ಗಂಡನಿಗೆ ಹುಳಿಹಾಲಿನ ಬಟ್ಟಲು ಕೊಟ್ಟಳು. ಇಷ್ಟು ದಿನ ಮನಸ್ಸಿನಲ್ಲೇ ಹೇಳಿದ್ದನ್ನು ಇಂದು ಬಾಯಿಬಿಟ್ಟು ಹೇಳಿದಳು:

"ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ, ತಸ್ಲಿಮ್ ಅಪ್ಪಾ. ಒಂದು ಕೇಳ್ಲಾ? ಜನ್ಮವಿಡೀ ನಿಮ್ಮವ್ವ ಆ ಮನೆಗೆ ಚಹಾ ಮಾಡಿ ಹಾಕಿದ್ಲು. ಅದೇ ಮನೆ ಯಜಮಾನ ಅವತ್ತು ನಿಂಗೆ ಮಾಡಿ ಕೊಟ್ರಲ್ಲ, ಅದನ್ನ ಕುಡಿಯುವಾಗ ಅವ್ವ ನೆನಪಾದ್ಲಾ?"

ಸುವೈಲಿಮ್ ಶಾಲೆಯ ಬಾಗಿಲನ್ನೇ ನೋಡುತ್ತ ಬಟ್ಟಲು ಬರಿದು ಮಾಡಿದ.

"ನೆನಪಾಗ್ದೆ ಏನು? ಅವಳ ಚಹಾನೂ ಅಷ್ಟೇ ಕೆಟ್ಟದಾಗಿರ್ತಿತ್ತು."