ಬುಧವಾರದ ಸಭೆಗೆ ವಿಮಲಾ ತಂದ ಸ್ಟೂಲು

ಕ್ಯಾನ್ಸರ್ ಚಿಕಿತ್ಸೆಯ ಮಾತು ಬಂದಾಗ ಜನ ಶಸ್ತ್ರವೈದ್ಯರನ್ನು ನೆನೆಯುತ್ತಾರೆ, ವಿಕಿರಣ ಕೊಡುವವರನ್ನು ನೆನೆಯುತ್ತಾರೆ. ಬಾಯಿಯ ಕ್ಯಾನ್ಸರ್ ಆದವರ ಹಲ್ಲು ನೋಡುವವರನ್ನು ಯಾರೂ ನೆನೆಯುವುದಿಲ್ಲ. ಬನಶಂಕರಿಯ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ದಂತವೈದ್ಯರಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ವಿಮಲಾ ಅವರ ಸೇವೆಯೆಲ್ಲ ಈ ಮರೆವಿನೊಡನೆ ನಡೆಸಿದ ಜಗಳವೆಂದರೆ ತಪ್ಪಾಗದು.

ಜಗಳದ ಮೂಲ ಅರೆಕೆರೆಯ ಆಟೋ ಚಾಲಕ ಚನ್ನವೀರ. ನಾಲಿಗೆಯ ಕ್ಯಾನ್ಸರ್ ವಿಕಿರಣದಿಂದ ಗುಣವಾಗಿ ಮನೆಗೆ ಹೋದ ಅವರು ಎರಡು ವರ್ಷದ ಮೇಲೆ ಹುಳುಕು ಹಲ್ಲೊಂದನ್ನು ಹತ್ತಿರದಲ್ಲೆಲ್ಲೋ ಕೀಳಿಸಿಕೊಂಡರು. ವಿಕಿರಣ ತಾಗಿದ ಮೂಳೆ ಸುಲಭವಾಗಿ ಮಾಯುವುದಿಲ್ಲ. ಗಾಯ ಕೊಳೆತು ಅರ್ಧ ದವಡೆಯನ್ನೇ ತೆಗೆಯಬೇಕಾಯಿತು. ಆ ಹಲ್ಲನ್ನು ವಿಕಿರಣಕ್ಕೆ ಮುನ್ನವೇ ಕೀಳಬೇಕಿತ್ತು. ವಿಮಲಾ ಕಡತ ತೆರೆದು ನೋಡಿದರೆ ಪ್ರತಿ ವಿಭಾಗವೂ ತನ್ನ ಪಾಲಿನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು; ಹಲ್ಲು ನೋಡಿಸಲು ಯಾರೂ ಕಳಿಸಿರಲಿಲ್ಲ. ಎಲ್ಲರೂ ಸರಿ, ರೋಗಿಗೆ ಮಾತ್ರ ದವಡೆಯಿಲ್ಲ! ಇದೆಂಥ ನ್ಯಾಯವೆಂದು ಅವರೊಳಗೆ ಅಂದು ಎದ್ದ ಪ್ರಶ್ನೆ ಮತ್ತೆ ಕೂರಲಿಲ್ಲ.

ಮುಂದೆ ಎಲ್ಲ ತಜ್ಞರೂ ಕೂಡಿ ಪ್ರತಿ ರೋಗಿಯ ಚಿಕಿತ್ಸೆಯನ್ನು ನಿರ್ಧರಿಸುವ ಬುಧವಾರದ ಸಭೆ ಆರಂಭವಾಯಿತು. ಆಹ್ವಾನಿತರ ಪಟ್ಟಿಯಲ್ಲಿ ದಂತವೈದ್ಯರ ಹೆಸರಿರಲಿಲ್ಲ. ಕರೆಗೆ ಕಾಯುವುದು ಸೌಜನ್ಯವಿರಬಹುದು, ಆದರೆ ಇನ್ನೊಬ್ಬರ ದವಡೆ ಪಣಕ್ಕಿರುವಾಗ ಅದು ಹೇಡಿತನ. ವಿಮಲಾ ತಮ್ಮ ಕೋಣೆಯ ಸ್ಟೂಲನ್ನು ಎರಡು ಮಹಡಿ ಹೊತ್ತು ತಂದು ಬಾಗಿಲ ಬಳಿ ಹಾಕಿಕೊಂಡು ಕುಳಿತರು. ಅಂದಿನಿಂದ ಪ್ರತಿ ಬುಧವಾರವೂ ಹಾಗೆಯೇ.

ಎರಡು ವರ್ಷದ ಹಿಂದೆ ಆ ಸಭೆಗೆ ದಾನಮ್ಮನವರ ಕಡತ ಬಂತು. ಬಿಟಿಎಂನಲ್ಲಿ ರೊಟ್ಟಿ ಖಾನಾವಳಿ ನಡೆಸುವ ಅವರಿಗೆ ಕೆನ್ನೆಯ ಶಸ್ತ್ರಚಿಕಿತ್ಸೆಯಾಗಿ ಮೂರು ವಾರವಾಗಿತ್ತು; ಸೋಮವಾರದಿಂದ ವಿಕಿರಣ. ದವಡೆಯಲ್ಲಿ ಮೂರು ಕೆಟ್ಟ ಹಲ್ಲುಗಳಿದ್ದವು.

"ಮೇಡಂ, ಹಲ್ಲಿಗೋಸ್ಕರ ರೇಡಿಯೇಶನ್ ಮುಂದಕ್ಕೆ ಹಾಕಕ್ಕಾಗಲ್ಲ. ಆಪರೇಶನ್ ಆಗಿ ಆರು ವಾರದೊಳಗೆ ಶುರು ಆಗ್ಲೇಬೇಕು," ಎಂದರು ವಿಕಿರಣ ವಿಭಾಗದ ಡಾ. ಭಾರ್ಗವ.

"ಇವತ್ತೇ ಕೀಳ್ತೀನಿ. ಗಾಯ ಮಾಯಕ್ಕೆ ಎರಡು ವಾರ ಕೊಡಿ. ಇನ್ನೂ ಒಂದು ವಾರ ನಿಮ್ಮ ಕೈಲೇ ಉಳಿಯುತ್ತಲ್ಲ."

"ಸ್ಟೂಲ್ ನೋಡಿದಾಗ್ಲೇ ಅಂದ್ಕೊಂಡೆ, ಇವತ್ತು ಊಟ ಲೇಟು ಅಂತ," ಎಂದು ಶಸ್ತ್ರವೈದ್ಯ ಅನಂತಪದ್ಮನಾಭ ನಕ್ಕರು. ಭಾರ್ಗವ ನಗಲಿಲ್ಲ, ಆದರೆ ದಿನಾಂಕ ತಿದ್ದಿದರು.

ದಾನಮ್ಮನವರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. "ಹಲ್ಲ ಕಿತ್ತ ಮ್ಯಾಲ ರೊಟ್ಟಿ ಹೆಂಗ ತಿನ್ನೂದ್ರೀ ಬಾಯಾರ? ಊರ ಮಂದಿಗೆ ಬಡದ ಹಾಕಾಕಿ, ನಾ ಗಂಜಿ ಕುಡೀಲೇನ?"

"ಮೂರು ಹಲ್ಲು ಹೋದ್ರೆ ರೊಟ್ಟೀನ ನೆನೆಸಿಕೊಂಡಾದ್ರೂ ತಿನ್ನಬಹುದು. ದವಡೇನೇ ಹೋದ್ರೆ?" ಎಂದ ವಿಮಲಾ, ಊಟ ಬಿಟ್ಟು ಅಂದು ಮಧ್ಯಾಹ್ನವೇ ಆ ಹಲ್ಲುಗಳನ್ನು ಕಿತ್ತರು. ಎರಡು ವಾರವೂ ದಿನಬಿಟ್ಟು ದಿನ ಗಾಯ ನೋಡಿದರು. ಐದನೆಯ ವಾರದ ಕೊನೆಗೆ ವಿಕಿರಣ ಆರಂಭವಾಯಿತು. ವರ್ಷದ ಮೇಲೆ ದಾನಮ್ಮ ಬುತ್ತಿಯೊಡನೆ ಬಂದು, ರೊಟ್ಟಿ ಮುರಿದು, ವಿಮಲಾ ಅವರೆದುರೇ ಅಗಿದು ತೋರಿಸಿದರು.

ಇಷ್ಟಾದರೂ ವಿಮಲಾ ಅವರ ಹುದ್ದೆಯನ್ನು ತುಂಬಲು ಆಡಳಿತ ಮಂಡಳಿ ಮನಸ್ಸು ಮಾಡಿಲ್ಲ. ಅಗತ್ಯ ಬಿದ್ದಾಗ ಹೊರಗಿನಿಂದ ಕರೆಸಲಾಗುವುದಂತೆ. ಅಗತ್ಯವಿದೆಯೆಂದು ಗುರುತಿಸುವವರೇ ಸಭೆಯಲ್ಲಿಲ್ಲದ ಮೇಲೆ ಕರೆಸುವವರು ಯಾರು? ಹಾರ, ಶಾಲುಗಳ ನಡುವೆಯೂ ವಿಮಲಾ ಅವರ ಮನಸ್ಸು ಇದನ್ನೇ ಕೆದಕುತ್ತಿದೆ.

ಅವರ ಕೊನೆಯ ಬುಧವಾರ ಸಭೆ ಮುಗಿದಾಗ ಅಟೆಂಡರ್ ಗುರುಸಿದ್ದ ಕೇಳಿದ: "ಮೇಡಂ, ಸ್ಟೂಲ್ ಕೆಳಗಡೆ ತಗೊಂಡೋಗ್ಲಾ?"

"ಬೇಡ ಗುರುಸಿದ್ದ. ಇಲ್ಲೇ ಇರ್ಲಿ. ಖಾಲಿ ಇದೆ ಅಂತ ಇವರಿಗೆ ಕಾಣ್ತಿರಲಿ."

ಭಾರ್ಗವ ಅದನ್ನು ಬಾಗಿಲ ಬಳಿಯಿಂದೆತ್ತಿ ಮೇಜಿನ ಪಕ್ಕಕ್ಕೆ ಇಟ್ಟರು.

ಡಾ. ವಿಮಲಾ ನೂರು ವರ್ಷ ಬಾಳಲಿ. ಅವರ ಕೈಗೂ ಕೋಪಕ್ಕೂ ದಣಿವು ಬಾರದಿರಲಿ. ಮುಂದೊಂದು ಬುಧವಾರ ಅವರು ಆ ಸಭೆಗೆ ಬಂದರೆ ಕೂರಲು ಸ್ಟೂಲು ಸಿಗದಿರಲಿ. ಅದರ ಮೇಲೆ ಕಿರಿಯ ದಂತವೈದ್ಯರೊಬ್ಬರು ಆಗಲೇ ಕುಳಿತು ವಾದಿಸುತ್ತಿರಲಿ.